ವೀರಗಲ್ಲು ಓದಿಸಿದವರಿಗೆ ನಮ್ಮ ವಂದನೆ

ಕಾದಾಡಿ ಮಡಿದವರ ನೆನಪಿಗೆ ನೆಟ್ಟ ಕಲ್ಲುಗಳೇ ವೀರಗಲ್ಲುಗಳು. ನಮ್ಮ ಸುತ್ತಲ ಊರುಗಳ ವೀರಗಲ್ಲುಗಳ ಮೊದಲ ಪಟ್ಟಿ ಮಕ್ಕಳ ಕೈಬರಹದಲ್ಲಿ ಸಿದ್ಧವಾಗಿದೆ. ಪ್ರತಿ ಕಲ್ಲಿಗೆ ಒಂದು ಹಾಳೆ: ನಿಂತಿರುವ ಜಾಗ, ಎತ್ತರ, ಅಗಲ, ಪಟ್ಟಿಕೆಗಳು (ಒಂದರ ಮೇಲೊಂದು ಕೆತ್ತಿದ ಚಿತ್ರದ ಅಂಕಣಗಳು) ಎಷ್ಟು, ಓದಲು ಸಿಕ್ಕ ಸಾಲು ಯಾವುದು, ಸಿಗದ ಅಕ್ಷರ ಯಾವುದು. ಕೈ ಹಚ್ಚಿದ ಎಲ್ಲರಿಗೂ ಪೋಷಕರೆಲ್ಲರ ಪರವಾಗಿ ಈ ವಂದನೆ. ಯಾರಿಂದ ಏನು ಕಲಿತೆವು ಎಂಬುದನ್ನು ಬಿಡಿಸಿ ಬರೆಯುತ್ತಿದ್ದೇವೆ. ಬೇರೆ ಊರಿನ ತಂದೆತಾಯಂದಿರೂ ಮಕ್ಕಳನ್ನು ಕರೆದುಕೊಂಡು ಹೊರಡಲಿ.

ಮೊದಲು ರೈತರಿಗೆ. ಹೊಲದ ಬದುವಿನಲ್ಲಿ, ಕೆರೆ ಏರಿಯ ಬಳಿ ಇರುವ ಕಲ್ಲನ್ನು ಉಳುಮೆಗೆ ಅಡ್ಡವೆಂದು ಕೀಳದೆ ಉಳಿಸಿದ್ದೀರಿ. ವೀರಗಲ್ಲಿಗೆ ನಿಂತ ಜಾಗವೇ ಅರ್ಧ ಸಾಕ್ಷಿ. ಅದನ್ನು ಎಬ್ಬಿಸಿ ಗುಡಿಯಂಗಳಕ್ಕೆ ತಂದು ಸಿಮೆಂಟು ಹಾಕಿ ನಿಲ್ಲಿಸಿದರೆ ಕೆಳಗಿನ ಸಾಲುಗಳು ಹೂತುಹೋಗುತ್ತವೆ, ಕಾದಾಟ ಎಲ್ಲಿ ನಡೆದಿರಬಹುದೆಂಬ ಸುಳಿವೂ ಅಳಿಯುತ್ತದೆ. ಕಲ್ಲಿನ ಬುಡದಲ್ಲಿ ನಿಧಿ ಇದೆ ಎಂದು ಗುಂಡಿ ತೋಡುವವರನ್ನು ತಡೆದ ಹಿರಿಯರಿಗೆ ಎಷ್ಟು ಕೃತಜ್ಞರಾದರೂ ಸಾಲದು. ಅದು ನೆನಪಿಗೆ ನೆಟ್ಟ ಕಲ್ಲು, ನಿಧಿಯ ಗುರುತಲ್ಲ. ಈ ಮಾತನ್ನು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡಬೇಕು.

ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ತೋರಿಸಿಕೊಟ್ಟ ಶಾಸನ ಬಲ್ಲ ಮೇಷ್ಟ್ರುಗಳಿಗೆ ನಮಸ್ಕಾರ. ಸಾಮಾನ್ಯವಾಗಿ ಮೂರು ಪಟ್ಟಿಕೆ ಇರುತ್ತವೆ. ಕೆಳಗೆ ಕಾದಾಟ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ಜೈನನಾದರೆ ಜಿನಬಿಂಬ. ತುದಿಯಲ್ಲಿ ಸೂರ್ಯ, ಚಂದ್ರ. ಬರಹ ಇದ್ದರೆ ಹೆಚ್ಚಾಗಿ ಪಟ್ಟಿಕೆಗಳ ನಡುವಿನ ಅಂಚಿನಲ್ಲಿ. ಕೆಳಗಿನ ಪಟ್ಟಿಕೆಯಲ್ಲಿ ದನಗಳಿದ್ದರೆ ಅದು ತುರುಗೊಳ್, ಅಂದರೆ ದನ ಕದ್ದೊಯ್ಯುವುದು, ಮತ್ತು ಆ ದನ ಬಿಡಿಸಿ ತರಲು ನಡೆದ ಕಾದಾಟ. ಮಕ್ಕಳ ಕಣ್ಣು ಮೊದಲು ಹೋಗುವುದು ಇಲ್ಲಿಗೇ. ಅವನು ರಾಜನಲ್ಲ, ನಮ್ಮಂಥದೇ ಊರಿನವನು, ಊರ ದನಕ್ಕಾಗಿ ಪ್ರಾಣ ಕೊಟ್ಟ ಎಂದು ತಿಳಿದಾಗ ನಾಡಿನ ಮೇಲಿನ ಪ್ರೀತಿಗೆ ಒಂದು ಮುಖ ಸಿಗುತ್ತದೆ. ಭಾಷಣದಿಂದ ಅದು ಸಿಗುವುದಿಲ್ಲವೆಂಬುದು ನಮ್ಮ ದೃಢ ಅನಿಸಿಕೆ.

ಅಕ್ಷರ ಕಾಣಿಸುವುದು ಬೆಳಕಿನಿಂದ. ನಡು ಮಧ್ಯಾಹ್ನ ಹೋದರೆ ಎಷ್ಟೋ ಕಲ್ಲುಗಳು ಬರೀ ಚಪ್ಪಟೆಯಾಗಿ ಕಾಣುತ್ತವೆ. ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ. ಇಲ್ಲವೇ ಟಾರ್ಚನ್ನು ಪಕ್ಕದಿಂದ, ಕಲ್ಲಿನ ಮೈಗೆ ತಾಗುವಷ್ಟು ಹತ್ತಿರ ಓರೆಯಾಗಿ ಹಿಡಿಯಿರಿ. ಕೊರೆದ ಗೆರೆಯೊಳಗೆ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಒಂದೇ ಕಡೆಯಿಂದ ಹಿಡಿದರೆ ಆ ದಿಕ್ಕಿಗೆ ಸಮಾನಾಂತರವಾದ ಗೆರೆಗಳು ಮರೆಯಾಗುತ್ತವೆ. ಎಡ, ಬಲ, ಮೇಲೆ, ಕೆಳಗೆ ನಾಲ್ಕು ಕಡೆಯಿಂದಲೂ ನೋಡಬೇಕು.

ಮಣ್ಣು ಕೂತಿದ್ದರೆ ಮೆತ್ತನೆಯ ಒಣ ಬ್ರಷ್ಷು, ಬೇಕಾದರೆ ಬರೀ ನೀರು, ಅಷ್ಟೇ. ತಂತಿ ಬ್ರಷ್ಷಿನ ಗೀರು ಮುಂದೆ ಅಕ್ಷರದ ಗೆರೆಯೆಂದೇ ಮೋಸ ಮಾಡುತ್ತದೆ. ಆಸಿಡ್ ಕಲ್ಲನ್ನೇ ತಿನ್ನಬಹುದು. ಎಣ್ಣೆ ದೂಳು ಹಿಡಿದು ಕಪ್ಪು ಪದರವಾಗುತ್ತದೆ. ಅಕ್ಷರದೊಳಗೆ ಸೀಮೆಸುಣ್ಣ ತುಂಬುವ ಅಭ್ಯಾಸವನ್ನೂ ಬಿಡಿಸಬೇಕು: ಸೀಮೆಸುಣ್ಣ ಹಚ್ಚಿದವರು ತಾವು ಊಹಿಸಿದ ಅಕ್ಷರವನ್ನೇ ಬರೆದಿರುತ್ತಾರೆ, ಮುಂದೆ ಬಂದವರು ಕಲ್ಲನ್ನು ಬಿಟ್ಟು ಅದನ್ನೇ ಓದುತ್ತಾರೆ. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕಲ್ಲನ್ನು ಮುಟ್ಟದೆ ನೋಡುವುದೇ ಸರಿ. ಪೂಜೆಗೊಳ್ಳುವ ಕಲ್ಲಾದರೆ ಚಪ್ಪಲಿ ಬಿಟ್ಟು, ಪೂಜಾರಿಗಳನ್ನು ಕೇಳಿ ಮುಂದುವರಿಯಿರಿ. ಕುಂಕುಮ ಒರೆಸದೆ ನೋಡಲು ಬಿಟ್ಟ, ಎಣ್ಣೆ ಬದಲು ಹೂವು ಸಾಕು ಎಂದು ಒಪ್ಪಿಕೊಂಡ ಪೂಜಾರಿಗಳ ದೊಡ್ಡ ಮನಸ್ಸಿಗೆ ಶರಣು.

ಇನ್ನು ನಮ್ಮ ಅಜ್ಜಿಯರು. ಪ್ರಭವ, ವಿಭವದಿಂದ ಅಕ್ಷಯದವರೆಗೆ 60 ಸಂವತ್ಸರಗಳನ್ನು ಮೊಮ್ಮಕ್ಕಳಿಗೆ ಬಾಯಿಪಾಠ ಮಾಡಿಸಿದವರು ಅವರೇ. ಅದಿಲ್ಲದೆ ಶಾಸನದ ಕಾಲ ಹಿಡಿಯುವುದು ಕಷ್ಟ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲು ನೋಡಿ. ಈಗ ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಹಂದಿಯೊಡನೆ ಕಾದು ಸತ್ತ ಕಾಳಿ ಎಂಬ ನಾಯಿಯ ನೆನಪನ್ನು ಹೊತ್ತ ಕಲ್ಲು ಅದು. ಮಕ್ಕಳ ಜೊತೆ ಶುರು ಮಾಡಲು ಇದಕ್ಕಿಂತ ಒಳ್ಳೆಯದು ನಮಗೆ ಗೊತ್ತಿಲ್ಲ. ಅದರಲ್ಲಿರುವುದು ಶಕ 872, ಸೌಮ್ಯ ಸಂವತ್ಸರ. ಶಕಕ್ಕೆ 78 ಕೂಡಿಸಿದರೆ ಕ್ರಿ.ಶ. 950 ಬರುತ್ತದೆ, ಆದರೆ ಸೌಮ್ಯ ಬಿದ್ದದ್ದು 949ರ ಯುಗಾದಿಯಿಂದ. ಕೆಲವು ಶಾಸನಗಳು ಮುಗಿದ ವರ್ಷವನ್ನು, ಕೆಲವು ನಡೆಯುತ್ತಿರುವ ವರ್ಷವನ್ನು ಎಣಿಸುವುದರಿಂದ ಹೀಗೆ ಒಂದು ವರ್ಷ ಹಿಂದುಮುಂದಾಗುತ್ತದೆ. ಸಂವತ್ಸರದ ಹೆಸರು ಆ ಜಗಳ ಬಿಡಿಸುತ್ತದೆ. 949ಕ್ಕೆ ಅರವತ್ತರ ಹದಿನೇಳು ಸುತ್ತು ಸೇರಿಸಿದರೆ 1969. ಆ ವರ್ಷದ ಯುಗಾದಿಗೂ ಬಂದದ್ದು ಸೌಮ್ಯವೇ. ಈ ಲೆಕ್ಕವನ್ನು ಮಗುವೇ ಮಾಡಲಿ, ನೀವು ಹೇಳಿಬಿಡಬೇಡಿ.

ಬೆಂಗಳೂರಿನ ಮನೆಗಳಿಗೆ ಬೇಗೂರು ಹತ್ತಿರ. ಅಲ್ಲಿನ ನಾಗರೇಶ್ವರ ಗುಡಿಯ ಸುಮಾರು ಕ್ರಿ.ಶ. 900ರ ಶಾಸನದಲ್ಲಿ ಬೆಂಗಳೂರು ಕಾಳಗದ ಮಾತಿದೆ. ಬಲ್ಲಾಳರಾಯನಿಗೆ ಅಜ್ಜಿ ಬೆಂದ ಕಾಳು ಕೊಟ್ಟ ಕಥೆಯನ್ನು ಮಕ್ಕಳು ಮೊದಲೇ ಕೇಳಿರುತ್ತಾರೆ. ಕಥೆಯ ರಾಜ ಹೊಯ್ಸಳ ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಹಾಗಾದರೆ ಊರಿನ ಹೆಸರು ಮೊದಲೋ, ಕಥೆ ಮೊದಲೋ? ಇತಿಹಾಸದ ಮೇಲಿನ ಆಸೆ ಹುಟ್ಟುವುದು ಇಂಥ ಪ್ರಶ್ನೆಯಲ್ಲಿ.

ಎರಡು ಕಡೆ ತಂದೆತಾಯಿ ತಡವರಿಸುತ್ತಾರೆ. ಮಾಸ್ತಿಕಲ್ಲಿನಲ್ಲಿ ಬಳೆ ತೊಟ್ಟ ಕೈ ಮೇಲೆದ್ದಿರುತ್ತದೆ. ಇದೇನೆಂದು ಮಗು ಕೇಳುತ್ತದೆ. ಗಂಡ ಸತ್ತ ಮೇಲೆ ಚಿತೆ ಏರಿದವಳ ಕಲ್ಲು, ಆ ಪದ್ಧತಿ ತಪ್ಪು ಎಂದು ನೇರವಾಗಿ ಹೇಳುವುದೇ ಸರಿ. ಇನ್ನೊಂದು ಶತ್ರುವಿನ ಪ್ರಶ್ನೆ. ದನ ಹೊಡೆದವರು ಅನೇಕ ಸಲ ಇದೇ ನುಡಿಯಾಡುವ ಪಕ್ಕದ ಸೀಮೆಯವರು. ಅದನ್ನು ಮುಚ್ಚಿಟ್ಟು ಇಂದಿನ ಯಾವುದೋ ಜನರನ್ನು ಆ ಜಾಗದಲ್ಲಿ ಕೂರಿಸುವುದು ಕಲ್ಲಿಗೂ ಮಗುವಿಗೂ ಮಾಡುವ ಅನ್ಯಾಯ. ಇದನ್ನು ಸಮಾಧಾನವಾಗಿ ಬಿಡಿಸಿ ಹೇಳಿದ ಸಮಾಜ ವಿಜ್ಞಾನದ ಟೀಚರ್‌ಗಳಿಗೆ ವಿಶೇಷ ಧನ್ಯವಾದ.

ಇದೇ ಕ್ರಮವನ್ನು ಹೊಸ ಸ್ಮಾರಕಗಳಿಗೂ ಬಳಸಬಹುದು. ಶಿಕಾರಿಪುರ ತಾಲ್ಲೂಕಿನ ಈಸೂರಿನ 1942ರ ಸ್ವಾತಂತ್ರ್ಯ ಹೋರಾಟಕ್ಕಾಗಿ 1943ರ ಮಾರ್ಚಿನಲ್ಲಿ ಗಲ್ಲಿಗೇರಿದವರು ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ. ಐದೂ ಹೆಸರುಗಳನ್ನು ಮಗು ಗಟ್ಟಿಯಾಗಿ ಓದಿ ಬರೆದುಕೊಳ್ಳಲಿ. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಘೋಷಣೆ ಆಮೇಲೆ ತಾನೇ ನೆನಪಿನಲ್ಲಿ ಉಳಿಯುತ್ತದೆ.

ಕೊನೆಯದಾಗಿ, ಮಕ್ಕಳ ಓದನ್ನು ತಿದ್ದಿಕೊಟ್ಟ ಶಾಸನ ವಿದ್ವಾಂಸರಿಗೆ. ಹಳೆಯ ಬರಹದಲ್ಲಿ ಪದಗಳ ನಡುವೆ ಜಾಗ ಬಿಡುವುದಿಲ್ಲ, ಎ ಮತ್ತು ಏ ಬೇರೆ ಮಾಡಿ ತೋರಿಸುವುದಿಲ್ಲ, ಪ ಮತ್ತು ವ ಒಂದರಂತೆ ಇನ್ನೊಂದು ಕಾಣುತ್ತದೆ. ತಪ್ಪುಗಳು ಹೆಚ್ಚಾಗಿ ಇವೇ. ಹೊರಡುವ ಮೊದಲು ಬಿ.ಎಲ್. ರೈಸ್ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಶಾಸನ ಸಂಗ್ರಹದ ಸಂಪುಟಗಳಲ್ಲಿ ನಿಮ್ಮ ತಾಲ್ಲೂಕು ತೆರೆದು ನೋಡಿ; ಕಲ್ಲು ಆಗಲೇ ಅಚ್ಚಾಗಿದ್ದರೆ ಅದರ ಸಂಖ್ಯೆ ಬರೆದುಕೊಳ್ಳಿ. ಫೋಟೊ ತೆಗೆಯುವಾಗ ಪಕ್ಕದಲ್ಲಿ 30 ಸೆಂಟಿಮೀಟರಿನ ಸ್ಕೇಲು ಇಡಿ, ಕ್ಯಾಮೆರಾ ಕಲ್ಲಿಗೆ ನೇರ ಎದುರಿರಲಿ, ಒಂದು ಚಿತ್ರದ ಮೂರನೇ ಒಂದು ಪಾಲು ಮುಂದಿನದರಲ್ಲೂ ಬರಲಿ. ವಿದ್ವಾಂಸರಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿಯೇ ಕಳಿಸಿ. ಮಾಮೂಲಿ ಫೋಟೊ ಆಗಿ ಕಳಿಸಿದರೆ ಚಿತ್ರ ಕುಗ್ಗಿ, ಸವೆದ ಅಕ್ಷರಗಳೇ ಮೊದಲು ಮಾಯವಾಗುತ್ತವೆ.