ಆ ಚಿತ್ರದ ಯಾವ ನಿಮಿಷ ಪಕ್ಷಪಾತದ್ದು?

ಮಾನ್ಯರೇ,

ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಅರಿವಳಿಕೆ ವೈದ್ಯನಾಗಿ ದುಡಿದು ನಿವೃತ್ತನಾದವನು ನಾನು. ಬಿಬಿಸಿಗೆ ವರ್ಷವರ್ಷವೂ ಲೈಸೆನ್ಸ್ ಶುಲ್ಕ ಕಟ್ಟುತ್ತೇನೆ. 2025ರಲ್ಲಿ ಅದು 174.50 ಪೌಂಡ್ ಆಯಿತು. ಕಟ್ಟಲು ಬೇಸರವಿಲ್ಲ. ಸರ್ಕಾರದ ಹಂಗೂ ಜಾಹೀರಾತಿನ ಹಂಗೂ ಇಲ್ಲದ ಸುದ್ದಿ ಬೇಕೆಂದರೆ ಜನರೇ ದುಡ್ಡು ಹಾಕಬೇಕು. ಆದರೆ ಗಾಜಾದ ವೈದ್ಯರ ಮೇಲಿನ ದಾಳಿಗಳ ಕುರಿತ ಸಾಕ್ಷ್ಯಚಿತ್ರವನ್ನು ಆ ವರ್ಷದ ಜುಲೈ 2ರ ರಾತ್ರಿ ನಾನು ನೋಡಿದ್ದು ಬೇರೆ ವಾಹಿನಿಯಾದ ಚಾನೆಲ್ 4ರಲ್ಲಿ. ಅದನ್ನು ಮಾಡಿಸಿದ್ದು ಬಿಬಿಸಿ, ಪ್ರಸಾರ ಮಾಡದೆ ಕೈಬಿಟ್ಟದ್ದೂ ಬಿಬಿಸಿ.

ಕೊಟ್ಟ ಕಾರಣ: ಪ್ರಸಾರ ಮಾಡಿದರೆ ಪಕ್ಷಪಾತದ ಭಾವನೆ ಮೂಡುವ ಅಪಾಯವಿದೆ. ಪಕ್ಷಪಾತವಿದೆ ಎಂದಲ್ಲ, ಹಾಗೆ ಅನ್ನಿಸಬಹುದು ಎಂದು! ನಾನು ಹಾಳೆ, ಪೆನ್ನು ಹಿಡಿದೇ ಕೂತಿದ್ದೆ, ಎಲ್ಲಿ ವಾಲಿದೆಯೋ ಗುರುತು ಹಾಕಿಕೊಳ್ಳೋಣವೆಂದು. ಇಸ್ರೇಲಿನ ಬಂಧನದಲ್ಲಿದ್ದು ಬಂದ ವೈದ್ಯರ ಮಾತು ಶುರುವಾದ ಮೇಲೆ ಪೆನ್ನು ಆಡಲಿಲ್ಲ. ನನ್ನದೇ ಕೆಲಸ ಮಾಡುವವರು ಅವರು. ಆಸ್ಪತ್ರೆಗಳನ್ನು ಹಮಾಸ್ ಬಳಸಿಕೊಳ್ಳುತ್ತಿತ್ತು ಎಂಬುದು ಇಸ್ರೇಲ್ ಸೇನೆಯ ವಾದ. ಆ ವಾದವನ್ನೂ ಕೇಳೋಣ. ಎರಡನ್ನೂ ಕೇಳಿ ತೂಗಿ ನೋಡುವಷ್ಟು ಬುದ್ಧಿ ನೋಡುಗರಿಗಿದೆ.

ಈ ಅಂಜಿಕೆಯ ಹಿಂದೆ ಇನ್ನೊಂದು ಚಿತ್ರದ ಕಥೆಯಿದೆ. ಅದೇ ವರ್ಷದ ಫೆಬ್ರುವರಿಯಲ್ಲಿ ಗಾಜಾದ ಮಕ್ಕಳ ಬದುಕಿನ ಬಗ್ಗೆ ಬಿಬಿಸಿ ಒಂದು ಸಾಕ್ಷ್ಯಚಿತ್ರ ತೋರಿಸಿತ್ತು. ನಿರೂಪಣೆ ಮಾಡಿದ ಹುಡುಗನ ತಂದೆ ಹಮಾಸ್ ಆಡಳಿತದಲ್ಲಿ ಕೃಷಿ ಖಾತೆಯ ಉಪಸಚಿವ ಎಂಬುದನ್ನು ವೀಕ್ಷಕರಿಗೆ ತಿಳಿಸಿರಲಿಲ್ಲ. ಅದು ತಪ್ಪು, ದೊಡ್ಡ ತಪ್ಪು. ಚಿತ್ರವನ್ನು ಹಿಂತೆಗೆದರು, ಆಂತರಿಕ ಪರಿಶೀಲನೆ ನಡೆಯಿತು, ಅಕ್ಟೋಬರಿನಲ್ಲಿ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ಕೂಡ ಇದನ್ನು ಗಂಭೀರ ಉಲ್ಲಂಘನೆ ಎಂದಿತು. ಆದರೆ ತಂದೆಯಾಗಲಿ ಕುಟುಂಬವಾಗಲಿ ಚಿತ್ರದ ಹೂರಣದ ಮೇಲೆ ಪ್ರಭಾವ ಬೀರಿದ್ದಕ್ಕೆ ಪುರಾವೆ ಇಲ್ಲವೆಂದು ಬಿಬಿಸಿಯ ಪರಿಶೀಲನೆಯೇ ಹೇಳಿದೆ. ಆ ಪರಿಶೀಲನೆ ಮುಗಿಯಲೆಂದು ವೈದ್ಯರ ಚಿತ್ರವನ್ನು ತಿಂಗಳುಗಟ್ಟಲೆ ತಡೆದಿಟ್ಟರು. ಕೊನೆಗೆ ಅದು ಮುಗಿಯುವುದಕ್ಕೂ ಮೊದಲೇ ಕೈಬಿಟ್ಟರು. ಒಂದು ಆಪರೇಷನ್‌ನಲ್ಲಿ ಎಡವಟ್ಟಾದರೆ ಯಾಕಾಯಿತೆಂದು ಹುಡುಕಿ ಸರಿಪಡಿಸುತ್ತಿದ್ದೆವು. ಮರುದಿನದ ರೋಗಿಯನ್ನು ಟೇಬಲ್ ಮೇಲಿಂದ ಎಬ್ಬಿಸಿ ಮನೆಗೆ ಕಳಿಸುತ್ತಿರಲಿಲ್ಲ.

ಇಸ್ರೇಲಿನ ಪರ ಇರುವವರಿಗೂ ಬಿಬಿಸಿಯ ಮೇಲೆ ದೂರಿದೆ, ಅದನ್ನು ತಳ್ಳಿಹಾಕಲಾರೆ. ಮಧ್ಯಪ್ರಾಚ್ಯದ ವರದಿಗಾರಿಕೆ ಕುರಿತು 2004ರಲ್ಲಿ ಮಾಲ್ಕಮ್ ಬ್ಯಾಲೆನ್ ಬರೆದ ಆಂತರಿಕ ವರದಿಯನ್ನು ಬಿಬಿಸಿ ಈವರೆಗೆ ಹೊರಗೆ ಬಿಟ್ಟಿಲ್ಲ. ಬಿಡದಿರಲು ಸುಪ್ರೀಂ ಕೋರ್ಟಿನವರೆಗೆ ಹೋಗಿ 2012ರಲ್ಲಿ ಗೆದ್ದಿತು. ಅಲ್ಲೂ ಮುಚ್ಚಿಡುವುದೇ, ಇಲ್ಲೂ ಮುಚ್ಚಿಡುವುದೇ. ಹೀಗಾದರೆ ಯಾರು ನಂಬಬೇಕು? ಹಿಂದೆ ಹೀಗಿರಲಿಲ್ಲ: 1982ರಲ್ಲಿ ಬ್ರಿಟನ್ ಅರ್ಜೆಂಟೀನಾ ಜೊತೆ ಮಾಡಿದ ಫಾಕ್‌ಲ್ಯಾಂಡ್ ಯುದ್ಧದಲ್ಲಿ ಇದೇ ಬಿಬಿಸಿ ‘ನಮ್ಮ ಸೈನಿಕರು’ ಎನ್ನದೆ ‘ಬ್ರಿಟಿಷ್ ಸೈನಿಕರು’ ಎಂದೇ ಹೇಳುತ್ತಿತ್ತು. ಆಗಿನ ಪ್ರಧಾನಿ ಥ್ಯಾಚರ್ ಸಿಡಿಮಿಡಿಗೊಂಡರೂ ಜಗ್ಗಲಿಲ್ಲ.

ಗಾಜಾದ ಮಟ್ಟಿಗೆ ಈ ಅಂಜಿಕೆ ಇನ್ನೂ ದುಬಾರಿ. 2023ರ ಅಕ್ಟೋಬರಿನಲ್ಲಿ ಯುದ್ಧ ಶುರುವಾದ ಮೇಲೆ ವಿದೇಶಿ ವರದಿಗಾರರು ಅಲ್ಲಿಗೆ ಸ್ವತಂತ್ರವಾಗಿ ಹೋಗಲು ಇಸ್ರೇಲ್ ಬಿಟ್ಟಿಲ್ಲ. ಸೇನೆಯ ಜೊತೆಯಲ್ಲಿ, ಸೇನೆ ತೋರಿಸಿದಷ್ಟು ನೋಡಿ ಬರಬೇಕು. ಹಾಗಾಗಿ ಒಳಗಿನಿಂದ ಚಿತ್ರೀಕರಿಸಿ ಕಳಿಸುವ ಸ್ಥಳೀಯರೇ ನಮಗೆ ಕಣ್ಣು.

ಪಕ್ಷಪಾತ ಕಂಡದ್ದು ಯಾವ ನಿಮಿಷದಲ್ಲಿ, ಯಾವ ವಾಕ್ಯದಲ್ಲಿ ಎಂದು ಬಿಬಿಸಿ ಬರೆದು ಪ್ರಕಟಿಸಲಿ. ತಮ್ಮಲ್ಲೂ ಒಂದು ವಿನಂತಿ: ಗಾಜಾದ ಸುದ್ದಿಯನ್ನು ವಿದೇಶಿ ಸಂಸ್ಥೆಗಳಿಂದ ಪಡೆದು ಅಚ್ಚು ಹಾಕುವಾಗ, ಆ ಸಂಸ್ಥೆಯ ವರದಿಗಾರರಿಗೆ ಒಳಗೆ ಪ್ರವೇಶವಿತ್ತೇ ಇಲ್ಲವೇ ಎಂಬುದನ್ನು ಒಂದು ಸಾಲಿನಲ್ಲಿ ಕೊಡಿ.

ಇತಿ,
ಒಬ್ಬ ನಿವೃತ್ತ ವೈದ್ಯ, ಬರ್ಮಿಂಗ್‌ಹ್ಯಾಮ್