ಪುಟ್ಟಿ, ಕೇಕ್ ಆರ್ಡರ್ ತಗೊಳ್ಳೋ ಮುಂಚೆ ಇದನ್ನ ಓದ್ಕೊ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದ.

ಮನೇಲೇ ಬರ್ತ್‌ಡೇ ಕೇಕ್ ಆರ್ಡರ್ ತಗೊಳ್ತೀನಿ ಅಂತ ಹೊರಟಿದೀಯಂತೆ, ನಿಮ್ಮಮ್ಮಂಗೆ ಭಯ, ನಂಗೆ ಮಾತ್ರ ತುಂಬಾ ಖುಷಿ ಆಯ್ತು ಕಣೇ. ಫೋನಲ್ಲಿ ಹೇಳಕ್ಕೆ ಹೋದ್ರೆ ಅರ್ಧ ಬಿಟ್ಟೋಗುತ್ತೆ, ಅದಕ್ಕೆ ಕೂತು ಟೈಪ್ ಮಾಡಿ ಕಳಿಸ್ತಿದೀನಿ, ಉದ್ದ ಆಯ್ತು ಅಂತ ಬೇಜಾರ್ ಮಾಡ್ಕೋಬೇಡ, ಪೂರ್ತಿ ಓದು. ನೀನು ಕಳಿಸಿದ ಫೋಟೋ ಎಲ್ಲಾ ನೋಡ್ದೆ, ಕಾಡಿನ ಥೀಮು, ಯೂನಿಕಾರ್ನು, ರಾಕೆಟ್ಟು, ಎಲ್ಲಾನೂ ಚೆನ್ನಾಗಿವೆ. ನಾನು ಹೇಳೋದು ಇಷ್ಟೇ, ಆ ಕೇಕನ್ನ ತಿನ್ನೋ ಮಗೂನ ಮನಸ್ಸಲ್ಲಿಟ್ಕೊಂಡು ಮಾಡು. ಫೋಟೋ ತೆಗೆಯೋದು ಎರಡು ನಿಮಿಷ, ಆಮೇಲೆ ಅದು ಹೋಗೋದು ಮೂರು ವರ್ಷದ ಕೂಸಿನ ಹೊಟ್ಟೆಗೆ. ಯಾವ ಬಣ್ಣ ಹಾಕ್ಲಿ, ಯಾವ ಕ್ರೀಮ್ ತರ್ಲಿ, ಎಷ್ಟು ಡೆಕೋರೇಷನ್ ಮಾಡ್ಲಿ ಅಂತ ಗೊಂದಲ ಆದಾಗೆಲ್ಲ ಆ ಕೂಸನ್ನ ನೆನೆಸ್ಕೊ, ಉತ್ತರ ಸಿಗುತ್ತೆ.

ಮೊದಲು ಸ್ಪಾಂಜ್ ಕಲಿ, ಅಂದ್ರೆ ಕ್ರೀಮ್ ಒಳಗಿರೋ ಮೆತ್ತನೆ ಕೇಕು. ಒಂದೇ ಒಂದು ಸ್ಪಾಂಜ್ ಕೈಗೆ ಪೂರ್ತಿ ಕೂತ್ಕೊಳ್ಳೋವರೆಗೂ ಕ್ರೀಮ್ ಹಿಂಡೋ ನಾಝಲ್ ಸೆಟ್ಟು, ಕೇಕ್ ತಿರುಗಿಸೋ ಟರ್ನ್ ಟೇಬಲ್ಲು ಅಂತ ದುಡ್ಡು ಸುರೀಬೇಡ. ನಮ್ಮ ಕಡೆ ಎಷ್ಟೋ ಮನೇಲಿ ಮೊಟ್ಟೆ ಬೇಡ ಅಂತಾರೆ, ಹಾಗಾಗಿ ಮೊಸರಿನ ಸ್ಪಾಂಜಿಂದಾನೇ ಶುರು ಮಾಡು. ಒಂದು ಕಪ್ ಗಟ್ಟಿ ಮೊಸರು, ಮುಕ್ಕಾಲು ಕಪ್ ಸಕ್ಕರೆ, ಇವೆರಡೂ ಚೆನ್ನಾಗಿ ಕರಗಿದ ಮೇಲೆ ಅರ್ಧ ಟೀ ಸ್ಪೂನ್ ಅಡುಗೆ ಸೋಡಾ, ಒಂದೂಕಾಲು ಟೀ ಸ್ಪೂನ್ ಬೇಕಿಂಗ್ ಪೌಡರ್, ನೊರೆ ಬಂದ ಮೇಲೆ ಅರ್ಧ ಕಪ್ ಎಣ್ಣೆ, ವೆನಿಲಾ, ಕೊನೇಲಿ ಜರಡಿ ಹಿಡಿದ ಒಂದೂವರೆ ಕಪ್ ಮೈದಾ. ಸೋಡಾ ಮೊಸರಿನ ಹುಳಿಗೆ ಸೇರಿದ ಕ್ಷಣದಿಂದ ಗ್ಯಾಸ್ ಬಿಡಕ್ಕೆ ಶುರು ಮಾಡುತ್ತೆ, ಹಾಗಾಗಿ ಓಟಿಜಿ ಓವನ್ ಮೊದಲೇ 180 ಡಿಗ್ರಿಗೆ ಕಾಯಿಸಿಟ್ಟಿರಬೇಕು, ಹಿಟ್ಟು ಕಲೆಸಿ ಫೋನ್ ಹಿಡ್ಕೊಂಡು ನಿಂತ್ರೆ ಆ ಗ್ಯಾಸ್ ಎಲ್ಲಾ ಬಟ್ಟಲಲ್ಲೇ ಹೋಗಿ ಕೇಕ್ ಗಟ್ಟಿ ಆಗುತ್ತೆ. ಕಪ್ ಲೆಕ್ಕ ಕಲಿಯೋಕೆ ಮಾತ್ರ, ಆರ್ಡರ್ ಅಂದ್ಮೇಲೆ ಒಂದು ಡಿಜಿಟಲ್ ತಕ್ಕಡಿ ತಗೊ, ಒತ್ತಿ ತುಂಬಿದ್ರೆ ಒಂದು ಕಪ್ ಮೈದಾ 120 ಗ್ರಾಂ ಇರೋದು 150 ಆಗ್ಬಿಡುತ್ತೆ. ಬೆಂದ ಮೇಲೆ ಪೂರ್ತಿ ಆರಿಸಿ, ಸುತ್ತಿ, ರಾತ್ರಿ ಫ್ರಿಜ್ಜಲ್ಲಿಟ್ಟು ಮಾರನೇ ದಿನ ಕಟ್ ಮಾಡು, ಪುಡಿ ಪುಡಿ ಉದುರಲ್ಲ, ಲೇಯರ್ ಸಮ ಬರುತ್ತೆ.

ಈ ಸ್ಪಾಂಜ್ ಸರಿಯಾಗಿ ಬಂದ್ರೆ ನಮ್ಮ ಅಯ್ಯಂಗಾರ್ ಬೇಕರಿ ಹನಿ ಕೇಕ್ ಥರ ಮಾಡ್ಬಹುದು, ಜೇನು ಸಕ್ಕರೆ ನೀರು ಹಾಕಿ ನೆನೆಸಿ, ಮೇಲೆ ಜಾಮ್ ಸವರಿ, ಕೊಬ್ಬರಿ ತುರಿ ಉದುರಿಸೋದು. ಯಾವ ಥೀಮ್ ಕೇಕ್ ಒಳಗಡೆಗೂ ಇದು ಹೊಂದುತ್ತೆ, ಮಕ್ಕಳೂ ತಿಂತಾರೆ, ಅಜ್ಜಿ ತಾತಂದ್ರೂ ಇಷ್ಟಪಟ್ಟು ತಿಂತಾರೆ.

ಈಗ ಬಣ್ಣದ ವಿಷಯ, ಇದನ್ನ ನಿಧಾನಕ್ಕೆ ಓದು. 2024ರಲ್ಲಿ ನಮ್ಮ ರಾಜ್ಯದ ಆಹಾರ ಸುರಕ್ಷತೆ ಇಲಾಖೆಯವರು ಬೆಂಗಳೂರಿನ ಬೇಕರಿಗಳಿಂದ 235 ಕೇಕ್ ಸ್ಯಾಂಪಲ್ ಟೆಸ್ಟ್ ಮಾಡಿಸಿದ್ರು, ಅದ್ರಲ್ಲಿ 12ರಲ್ಲಿ ಕೃತಕ ಬಣ್ಣ ಅಪಾಯ ಅನ್ನೋಷ್ಟಿತ್ತು, ರೆಡ್ ವೆಲ್ವೆಟ್ಟು ಬ್ಲ್ಯಾಕ್ ಫಾರೆಸ್ಟು ಅಂತ ಹೆಸರು ಕೇಳಿಬಂದಿದ್ದು ಆಗ್ಲೇ. ಅದೇ ವರ್ಷ ಮಾರ್ಚಲ್ಲಿ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ರೋಡಮಿನ್-ಬಿ ಅನ್ನೋ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ನಿಷೇಧ ಮಾಡಿದ್ದು ನಿಂಗೂ ನೆನಪಿರ್ಬೇಕು. ತಿನ್ನೋಕೆ ಅನುಮತಿ ಇರೋ ಕೃತಕ ಬಣ್ಣಕ್ಕೂ ಮಿತಿ ಇದೆ, ಒಂದು ಕೆಜಿಗೆ 100 ಮಿಲಿಗ್ರಾಂ. ಕಡು ಕೆಂಪು, ಕಡು ಕಪ್ಪು, ಕಡು ನೀಲಿ ಇವು ಮೂರೇ ಜಾಸ್ತಿ ತೊಂದರೆ ಕೊಡೋದು, ಬಿಳಿ ಕ್ರೀಮನ್ನ ಕಪ್ಪು ಮಾಡಕ್ಕೆ ಬಾಟ್ಲಿಗಟ್ಲೆ ಸುರೀತಾರೆ, ತಿಂದ ಮಕ್ಕಳ ನಾಲಿಗೆ ಎರಡು ದಿನ ನೀಲಿ. ಕಪ್ಪು ಬೇಕಂದ್ರೆ ಕೋಕೋ ಹಾಕಿದ ಕ್ರೀಮ್ ಇಲ್ಲಾ ಡಾರ್ಕ್ ಚಾಕೊಲೇಟ್ ಗನಾಶಿಂದ (ಬಿಸಿ ಕ್ರೀಮಲ್ಲಿ ಕರಗಿಸಿದ ಚಾಕೊಲೇಟ್) ಶುರು ಮಾಡು, ಬಣ್ಣ ಒಂದೆರಡು ತೊಟ್ಟು ಸಾಕಾಗುತ್ತೆ. ಕೆಂಪು ಬೇಕಂದ್ರೆ ಕಲೆಸಿ ಕೆಲವು ಗಂಟೆ ಬಿಡು, ತಾನಾಗೇ ಗಾಢ ಆಗುತ್ತೆ, ಆತುರಕ್ಕೆ ಇನ್ನಷ್ಟು ಹಾಕ್ಬೇಡ. ಗುಲಾಬಿಗೆ ಬೀಟ್‌ರೂಟ್, ಹಳದಿಗೆ ಮಾವಿನ ರಸ ಇಲ್ಲಾ ಕೇಸರಿ, ಇವು ಕ್ರೀಮಲ್ಲಿ ಚೆನ್ನಾಗೇ ಬರುತ್ತೆ, ಬೇಯಿಸೋ ಹಿಟ್ಟಿಗೆ ಬೀಟ್‌ರೂಟ್ ಹಾಕಿದ್ರೆ ಮಾತ್ರ ಕಂದು ತಿರುಗುತ್ತೆ. ಆಮೇಲೆ ಆ ಮಿಂಚೋ ಪುಡಿ. ಡಬ್ಬಿ ಮೇಲೆ ‘ನಾನ್ ಟಾಕ್ಸಿಕ್’ ಅಂತ ಬರೆದಿದ್ರೆ ಅದು ತಿನ್ನೋ ಪದಾರ್ಥ ಅಂತ ಅರ್ಥ ಅಲ್ಲ ಪುಟ್ಟಿ, ‘ಎಡಿಬಲ್’ ಅಂತ ಇರಬೇಕು, ಏನೇನು ಹಾಕಿದಾರೆ ಅಂತ ಪಟ್ಟಿ ಇರಬೇಕು, ಇಲ್ಲದಿದ್ರೆ ಎಷ್ಟೇ ಚೆಂದ ಇದ್ರೂ ಮುಟ್ಟಬೇಡ.

ಕ್ರೀಮ್ ವಿಷಯಕ್ಕೆ ಬಂದ್ರೆ, ಅಂಗಡೀಲಿ ಸಿಗೋ 25 ಪರ್ಸೆಂಟ್ ಫ್ಯಾಟಿನ ಫ್ರೆಶ್ ಕ್ರೀಮ್ ಎಷ್ಟು ಬೀಟ್ ಮಾಡಿದ್ರೂ ನಿಲ್ಲಲ್ಲ, 30ರ ಮೇಲಿರೋ ವಿಪ್ಪಿಂಗ್ ಕ್ರೀಮೇ ಬೇಕು. ಬೇಕರಿಯವರು ಜಾಸ್ತಿ ಬಳಸೋದು ನಾನ್ ಡೈರಿ ಕ್ರೀಮು, ಅದು ವನಸ್ಪತಿ ಕೊಬ್ಬಿಂದು, ಬಿಸಿಲಿಗೆ ಸ್ವಲ್ಪ ತಡ್ಕೊಳ್ಳುತ್ತೆ, ಸಕ್ಕರೆ ಅದ್ರಲ್ಲೇ ಇರುತ್ತೆ. ನೀನು ಯಾವುದು ಹಾಕ್ತೀಯೋ ಅದನ್ನ ಕೇಳಿದವರಿಗೆ ನೇರವಾಗಿ ಹೇಳು. ಏಪ್ರಿಲ್ ಮೇ ತಿಂಗಳಲ್ಲಿ ಟೆರೇಸ್ ಪಾರ್ಟಿ, ಮಧ್ಯಾಹ್ನ ನಾಕು ಗಂಟೆ ಅಂತ ಹೇಳಿದ್ರೆ ಕ್ರೀಮ್ ಕೇಕ್ ಒಪ್ಕೋಬೇಡ, ಗನಾಶ್ ಹೇಳು, ಎರಡು ಭಾಗ ಡಾರ್ಕ್ ಚಾಕೊಲೇಟಿಗೆ ಒಂದು ಭಾಗ ಕ್ರೀಮ್, ಬಿಳಿ ಚಾಕೊಲೇಟಾದ್ರೆ ಮೂರಕ್ಕೆ ಒಂದು. ಅದು ನಿಲ್ಲುತ್ತೆ.

ಗೊಂಬೆ ಮಾಡೋ ಫಾಂಡೆಂಟ್ ಅಂದ್ರೆ ಹಿಟ್ಟಿನ ಥರ ನಾದಿದ ಸಕ್ಕರೆ, ಹೆಚ್ಚೂಕಮ್ಮಿ ಸಕ್ಕರೇನೇ, ಎಷ್ಟೋ ಬ್ರ್ಯಾಂಡಲ್ಲಿ ಜೆಲಟಿನ್ ಇರುತ್ತೆ, ಜೆಲಟಿನ್ ಬರೋದು ಪ್ರಾಣಿಗಳಿಂದ. ‘ಮೊಟ್ಟೆ ಇಲ್ಲ, ಪ್ಯೂರ್ ವೆಜ್’ ಅಂತ ಬರೆದು ಅದನ್ನ ಹಾಕಿದ್ರೆ ನಂಬಿ ತಿಂದವರಿಗೆ ಮೋಸ ಮಾಡ್ದಂಗೆ. ಹಸಿರು ಚುಕ್ಕಿ ನೋಡಿ ತಗೊ. ಇಡೀ ಕೇಕ್‌ಗೆ ಫಾಂಡೆಂಟ್ ಹೊದಿಸಿದ್ರೆ ಮಕ್ಕಳು ಅದನ್ನ ಕಿತ್ತು ತಟ್ಟೆ ಪಕ್ಕಕ್ಕಿಡ್ತಾರೆ, ಯಾವ ಪಾರ್ಟೀಲಿ ಬೇಕಾದ್ರೂ ನೋಡು. ಹಾಗಾಗಿ ಕೇಕ್ ಮೈಯೆಲ್ಲ ಕ್ರೀಮೋ ಗನಾಶೋ ಇರ್ಲಿ, ಒಂದೇ ಒಂದು ಗೊಂಬೆ ಚೆನ್ನಾಗಿ ಮಾಡು, ಮಗು ಅದನ್ನ ಕೈಯಲ್ಲಿ ಹಿಡ್ಕೊಂಡು ಓಡಾಡುತ್ತೆ. ಗೊಂಬೆ ಎರಡು ದಿನ ಮುಂಚೆ ಮಾಡಿ ಒಣಗಿಸು, 250 ಗ್ರಾಂ ಫಾಂಡೆಂಟಿಗೆ ಒಂದು ಟೀ ಸ್ಪೂನ್ ಸಿಎಂಸಿ ಪುಡಿ (ಗಟ್ಟಿ ಮಾಡೋ ತಿನ್ನೋ ಅಂಟು ಪುಡಿ) ಸೇರಿಸಿದ್ರೆ ಗಟ್ಟಿ ನಿಲ್ಲುತ್ತೆ, ಫ್ರಿಜ್ಜಲ್ಲಿ ಮಾತ್ರ ಇಡ್ಬೇಡ, ಹೊರಗೆ ತೆಗೆದ ಮೇಲೆ ಬೆವರಿ ಅಂಟಂಟಾಗುತ್ತೆ. ಗೊಂಬೆ ಒಳಗೆ ತಂತಿ, ಟೂತ್‌ಪಿಕ್ ಚುಚ್ಚೋ ಅಭ್ಯಾಸ ಬೇಡವೇ ಬೇಡ, ನಿಲ್ಲಿಸಲೇಬೇಕಂದ್ರೆ ಸಣ್ಣ ಶ್ಯಾವಿಗೆ ಕಡ್ಡೀನೋ ಸ್ಪಗೆಟೀನೋ ಹಾಕು, ಮಗು ಕಚ್ಚಿದ್ರೂ ತಂತಿಯಷ್ಟು ಅಪಾಯ ಇಲ್ಲ.

ಇನ್ನೊಂದು ಮಾತು, ಮೊದಲನೇ ವರ್ಷದ ಹುಟ್ಟುಹಬ್ಬಕ್ಕೆ ಕೃಷ್ಣನ ಥೀಮ್ ಕೇಳ್ತಾರೆ, ಬಾಲಕೃಷ್ಣನ ಮುಖ ಕೇಕ್ ಮೇಲೆ ಬರ್ಲಿ ಅಂತಾರೆ. ಆಮೇಲೆ ಅದರ ಮೇಲೆ ಚಾಕು ಹಾಕೋವಾಗ ಅಜ್ಜಿ ಮುಖ ಸಪ್ಪಗಾಗುತ್ತೆ. ನೀನೇ ಮುಂಚೆ ಹೇಳು, ದೇವರನ್ನ ಬಿಟ್ಟು ಕೊಳಲು, ನವಿಲುಗರಿ, ಬೆಣ್ಣೆ ಗಡಿಗೆ, ಹಸು ಕರು ಹಾಕ್ತೀನಿ ಅಂತ, ಎಲ್ರೂ ಒಪ್ತಾರೆ, ನೋಡೋಕೂ ಅದೇ ಚೆಂದ.

ನಂಗೆ ತುಂಬಾ ಆಸೆ ಇರೋದು ಮುಂದಿನ ವಿಷಯದ ಮೇಲೆ. ಸಕ್ಕರೇಲಿ ಆನೆ ಗಿಳಿ ಮಾಡೋದು ನಮ್ಮವರಿಗೆ ಯಾರೂ ಹೊರಗಿನಿಂದ ಬಂದು ಕಲಿಸಿದ್ದಲ್ಲ ಕಣೇ. ಸಂಕ್ರಾಂತಿ ಸಕ್ಕರೆ ಅಚ್ಚು ನೋಡು, ತುಳಸಿಕಟ್ಟೆ, ಗೋಪುರ, ಆನೆ, ಗಿಳಿ. ಉತ್ತರ ಕರ್ನಾಟಕದಲ್ಲಿ ಗೌರಿ ಹುಣ್ಣಿಮೆಗೆ ಸಕ್ಕರೆ ಆರತಿ ಅಂತ ಮಾಡ್ತಾರೆ, ಹೆಣ್ಮಕ್ಕಳು ತಟ್ಟೇಲಿ ಜೋಡಿಸ್ಕೊಂಡು ಹೋಗೋದು ನೋಡೋಕೆ ಕಣ್ಣು ಸಾಲದು. ಸಕ್ಕರೆ ಪಾಕಕ್ಕೆ ಸ್ವಲ್ಪ ಹಾಲು ಹಾಕಿದ್ರೆ ಕೊಳೆ ಮೇಲೆ ಬರುತ್ತೆ, ತೆಗೆದು, ಬಟ್ಟೇಲಿ ಸೋಸಿ, ಸ್ವಲ್ಪ ಸ್ವಲ್ಪಾನೇ ಸಣ್ಣ ಪಾತ್ರೇಲಿ ಗಟ್ಟಿ ಪಾಕಕ್ಕೆ ತಂದು, ಬೆಳ್ಳಗಾಗೋವರೆಗೂ ಕೈಯಾಡಿಸಿ, ನೀರಲ್ಲಿ ನೆನೆಸಿದ ಮರದ ಅಚ್ಚಿಗೆ ಹುಯ್ಯೋದು, ಅಚ್ಚು ನೆನೆದಿದ್ರೆ ಗೊಂಬೆ ಅಂಟದೆ ಬಿಡುತ್ತೆ. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ, ಅಲ್ಲಿ ನೀರು ಸುಮಾರು 97 ಡಿಗ್ರೀಗೇ ಕುದಿಯುತ್ತೆ, ಹಾಗಾಗಿ ಹೊರದೇಶದ ರೆಸಿಪೀಲಿ ಪಾಕಕ್ಕೆ ಇಷ್ಟು ಡಿಗ್ರಿ ಅಂತ ಹೇಳಿದ್ರೆ ಮೂರು ಡಿಗ್ರಿ ಕಮ್ಮೀನೇ ನೋಡ್ಕೊ, ಇಲ್ಲಾ ನಮ್ಮಮ್ಮ ನೋಡ್ತಿದ್ದಂಗೆ ನೀರಲ್ಲಿ ಹಾಕಿ ಬೆರಳಲ್ಲಿ ಉರುಳಿಸಿ ನೋಡು. ಆ ಆನೆ ಗಿಳಿಗಳನ್ನ ನಿನ್ನ ಕಾಡಿನ ಥೀಮ್ ಕೇಕ್ ಮೇಲಿಟ್ರೆ ಬಣ್ಣ ಬೇಡ, ಜೆಲಟಿನ್ ಬೇಡ, ತಂತಿ ಬೇಡ. ಕ್ರೀಮಿನ ತೇವಕ್ಕೆ ಕರಗುತ್ತೆ, ಅದಕ್ಕೆ ಕೆಳಗೊಂದು ಚಾಕೊಲೇಟ್ ಬಿಲ್ಲೆ ಇಟ್ಟು, ಡೆಲಿವರಿ ಟೈಮಲ್ಲೇ ಜೋಡಿಸು.

ಸೀಸನ್ ನೋಡ್ಕೊಂಡು ಮೆನು ಬದಲಾಯಿಸು, ವರ್ಷಪೂರ್ತಿ ಡಬ್ಬಿ ಹಣ್ಣು ಬೇಡ. ಮಾವಿನ ಕಾಲದಲ್ಲಿ ರಸಪುರಿ ರಸ ಕ್ರೀಮಿಗೆ, ಬಾದಾಮಿ ಹಣ್ಣು ನಾರಿಲ್ಲ, ಹೋಳು ಮಾಡಿ ಲೇಯರ್ ಮಧ್ಯಕ್ಕೆ. ಹಸಿ ಅನಾನಸ್ ಹಾಲಿನ ಕ್ರೀಮಿಗೆ ಹಾಕಿದ್ರೆ ಕಹಿ ಆಗುತ್ತೆ, ಸಕ್ಕರೆ ಹಾಕಿ ಬೇಯಿಸಿ ಆರಿಸಿ ಹಾಕು. ಮಳೆಗಾಲಕ್ಕೆ ಖಾರ ಬಿಸ್ಕೆಟ್ಟು ಬೆಣ್ಣೆ ಬಿಸ್ಕೆಟ್ಟು ಮಾಡಿ ನೋಡು, ಅದಕ್ಕೆ ಡೆಕೋರೇಷನ್ನೇ ಬೇಡ, ಬೇಗ ಕೆಡೋದೂ ಇಲ್ಲ. ಕ್ರಿಸ್ಮಸ್ ಪ್ಲಮ್ ಕೇಕಿಗೆ ಒಣ ಹಣ್ಣು ರಮ್‌ನಲ್ಲಿ ನೆನೆಸೋರು ಸೆಪ್ಟೆಂಬರಲ್ಲೇ ನೆನೆಸ್ತಾರೆ, ನಮ್ಮಂಥವರಿಗೆ ಕಿತ್ತಳೆ ರಸದಲ್ಲಿ ಒಂದು ಕುದಿ ಕುದಿಸಿ ರಾತ್ರಿ ಬಿಟ್ರೆ ಸಾಕು, ಆದ್ರೆ ಅದನ್ನ ತಿಂಗಳಾನುಗಟ್ಲೆ ಇಡಕ್ಕಾಗಲ್ಲ, ಹುಳಿ ಬರುತ್ತೆ. ಕೇಕಿನ ಕಂದು ಬಣ್ಣ ಸುಟ್ಟ ಸಕ್ಕರೆ ಪಾಕದಿಂದ ಬರೋದು, ಅದಕ್ಕೆ ಬಿಸಿ ನೀರು ಹುಯ್ಯೋವಾಗ ಮುಖ ದೂರ ಇಟ್ಕೊ, ಜೋರಾಗಿ ಸಿಡಿಯುತ್ತೆ. ಡಿಸೆಂಬರ್‌ನಲ್ಲಿ ಬೆಂಗಳೂರಲ್ಲಿ ಕೇಕ್ ಶೋ ಆಗುತ್ತಲ್ಲ, ತಪ್ಪದೆ ಹೋಗಿ ಸಕ್ಕರೇಲಿ ಕಟ್ಟಿದ ಅರಮನೆ ಎಲ್ಲಾ ಕಣ್ತುಂಬ ನೋಡ್ಕೊಂಡು ಬಾ, ಕೈಕೆಲಸ ಕಲಿ, ಅವು ಪ್ರದರ್ಶನಕ್ಕೆ ಮಾಡಿದ್ದು ಅನ್ನೋದು ನೆನಪಿರ್ಲಿ.

ದುಡ್ಡಿನ ವಿಷಯ ಬೇಗ ಹೇಳ್ತೀನಿ. ಕೆಜಿ ಲೆಕ್ಕ ಮಾತ್ರ ಹಿಡೀಬೇಡ, ಗೊಂಬೆಗೆ ಕೂತ ಗಂಟೆಗಳಿಗೆ ಬೇರೆ ರೇಟ್ ಹೇಳು, ಫಾಂಡೆಂಟ್ ತೂಕಾನ ಕೇಕ್ ತೂಕಕ್ಕೆ ಸೇರಿಸ್ಬೇಡ. ನೆಂಟರಿಗೂ ಸಾಮಾನಿನ ದುಡ್ಡಾದ್ರೂ ಕೇಳು, ನಾನು ಕೇಳಿದ್ರೂ ಬಿಡ್ಬೇಡ. ಗೋಡಂಬಿ ಬಾದಾಮಿ ಕಡ್ಲೆಬೀಜದ ಅಲರ್ಜಿ ಯಾರಿಗಾದ್ರೂ ಇದ್ಯಾ ಅಂತ ಪ್ರತಿ ಆರ್ಡರಿಗೂ ಕೇಳಿ ಬರೆದಿಟ್ಕೊ. ಕಾರಲ್ಲಿ ಕಳಿಸೋವಾಗ ಬಾಕ್ಸ್ ಸೀಟ್ ಮೇಲೋ ತೊಡೆ ಮೇಲೋ ಬೇಡ, ಕೆಳಗೆ ಕಾಲಿಡೋ ಜಾಗ ಸಮತಟ್ಟಾಗಿರುತ್ತೆ, ಅಲ್ಲಿಟ್ಟು ಎಸಿ ಹಾಕ್ಸು.

ಆಮೇಲೆ ಮನೇಲಿ ಮಾಡಿ ಮಾರೋರಿಗೂ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತೆ ಪ್ರಾಧಿಕಾರ) ರಿಜಿಸ್ಟ್ರೇಷನ್ ಬೇಕು, ಆನ್‌ಲೈನಲ್ಲೇ ಆಗುತ್ತೆ, ಬರೋ 14 ಅಂಕಿ ನಂಬರ್ ಬಾಕ್ಸ್ ಮೇಲೆ ಹಾಕು, ಜೊತೆಗೆ ಮಾಡಿದ ತಾರೀಕೂ ಬರಿ. ಮೊದಲ ಆರ್ಡರ್‌ಗೆ ಮುಂಚೇನೇ ಇದನ್ನ ಮುಗಿಸು, ಅರ್ಜಿ ತುಂಬೋವಾಗ ಏನಾದ್ರೂ ಸಿಕ್ಕಾಕೊಂಡ್ರೆ ದೊಡ್ಡಪ್ಪಂಗೆ ಫೋನ್ ಮಾಡು, ಅವ್ರು ಕೂತು ಮಾಡ್ಸಿಕೊಡ್ತಾರೆ. ಮರದ ಅಚ್ಚುಗಳು ನನ್ನ ಹತ್ರ ಎರಡು ಡಬ್ಬಿ ಇವೆ, ಈ ಸಲ ಮೈಸೂರಿಗೆ ಬಂದಾಗ ಒಂದು ಡಬ್ಬಿ ನೀನೇ ತಗೊಂಡೋಗು, ನಿಮ್ಮಮ್ಮಂಗೆ ನಾನು ಹೇಳ್ತೀನಿ.

ಇಂತಿ ನಿನ್ನ
ದೊಡ್ಡಮ್ಮ