ಪ್ರವಚನವೂ ಬೇಕು, ಪಾಠಾಂತರವೂ ಬೇಕು

ಮಾನ್ಯರೇ,

ಕಳೆದ ಶ್ರಾವಣದಲ್ಲಿ ಒಂದು ಮಠದ ಪ್ರವಚನಕ್ಕೆ ಹೋಗಿದ್ದೆ. ಅಂದು ಶೂನ್ಯಸಂಪಾದನೆಯಿಂದ, ಅಂದರೆ ಶರಣರ ವಚನಗಳನ್ನು ಸಂಭಾಷಣೆಯಾಗಿ ಹೆಣೆದ ಗ್ರಂಥದಿಂದ, ಶರಣ ಸಿದ್ಧರಾಮ ಮೈಮೇಲೆ ಧರಿಸುವ ಲಿಂಗವನ್ನು ಗುರುವಿನಿಂದ ಪಡೆಯುವ ಇಷ್ಟಲಿಂಗ ದೀಕ್ಷೆಯ ಪ್ರಸಂಗ. ಪಕ್ಕದಲ್ಲಿ ಕೂತಿದ್ದ ಅಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಮುಗಿದ ಮೇಲೆ ಎಂ.ಎ. ಓದುವ ಹುಡುಗನೊಬ್ಬ ಎದ್ದು, 'ಮೊದಲ ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗವೇ ಇಲ್ಲ ಅಲ್ವಾ?' ಎಂದ. ಅಷ್ಟೇ. 'ನಂಬಿಕೆ ಇಲ್ಲದಿದ್ದರೆ ಇಲ್ಲಿಗ್ಯಾಕೆ ಬಂದೆ' ಎಂದು ನಾಲ್ಕು ಜನ ಅವನ ಮೇಲೆ ಮುಗಿಬಿದ್ದರು.

ಹುಡುಗ ಹೇಳಿದ್ದು ಸರಿಯಾಗಿಯೇ ಇತ್ತು. ಶರಣರು 12ನೇ ಶತಮಾನದವರು, ಶೂನ್ಯಸಂಪಾದನೆ ಶುರುವಾಗಿದ್ದು 15ನೇ ಶತಮಾನದಲ್ಲಿ. ಅದೂ ಒಂದಲ್ಲ, ನಾಲ್ಕು. ಶಿವಗಣಪ್ರಸಾದಿ ಮಹಾದೇವಯ್ಯ ಮೊದಲು ಕಟ್ಟಿದ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಒಬ್ಬೊಬ್ಬರೂ ತಿದ್ದಿದರು, ಸೇರಿಸಿದರು. ಒಂದೇ ಕೃತಿ ಹೀಗೆ ಬೇರೆ ಬೇರೆ ರೂಪದಲ್ಲಿ ಸಿಗುವುದನ್ನೇ ಪಾಠಾಂತರ ಅನ್ನುವುದು. ದೀಕ್ಷೆ ಬಂದದ್ದು ಹಲಗೆಯಾರ್ಯನ ಕೈಯಲ್ಲಿ. ಯಾಕೆ ಸೇರಿಸಬೇಕಾಯಿತು, ಆಗ ಯಾರಿಗೆ ಅದು ಬೇಕಿತ್ತು ಅನ್ನುವುದು ಸಂಶೋಧಕರ ಪ್ರಶ್ನೆ. ದೀಕ್ಷೆ ಅಂದರೇನು, ಅದು ನನ್ನನ್ನು ಹೇಗೆ ಬದಲಿಸುತ್ತದೆ ಅನ್ನುವುದು ಭಕ್ತರ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಸಿಕ್ಕ ಮಾತ್ರಕ್ಕೆ ಎರಡನೆಯದು ಮುಗಿದುಹೋಗುವುದಿಲ್ಲ.

ಹಾಗಂತ ವಿಶ್ವವಿದ್ಯಾಲಯದವರೇನೂ ಕಮ್ಮಿ ಇಲ್ಲ. 'ಅದೆಲ್ಲ ಮಠದವರ ಮಾತು' ಎಂದು ನಕ್ಕು ಮುಂದೆ ಹೋಗುವುದನ್ನು ಸೆಮಿನಾರುಗಳಲ್ಲಿ ನಾನೇ ನೋಡಿದ್ದೇನೆ. ಅವರ ಮೇಜಿನ ಮೇಲಿರುವ ವಚನಗಳನ್ನು ಹುಡುಕಿ ತಂದವರು ಯಾರು ಸ್ವಾಮಿ? ವಕೀಲರಾಗಿದ್ದ ಫ.ಗು. ಹಳಕಟ್ಟಿ ಮನೆಮನೆ ತಿರುಗಿ ತಾಳೆಗರಿ ಕೂಡಿಸಿದ್ದು ಭಕ್ತಿಯಿಂದಲೇ. 1923ರಲ್ಲಿ ಅಚ್ಚಾದ ಪುಸ್ತಕಕ್ಕೆ 'ವಚನಶಾಸ್ತ್ರಸಾರ' ಎಂದೇ ಹೆಸರಿಟ್ಟರು, ಸಾಹಿತ್ಯ ಅನ್ನಲಿಲ್ಲ, ಶಾಸ್ತ್ರ ಅಂದರು. ಮುಂದೆ ಪ್ರೆಸ್ಸು ಹಾಕಲು ಮನೆಯನ್ನೇ ಮಾರಿದರು.

ಸರ್ಕಾರಿ ಕಾಲೇಜಲ್ಲಿ ಧರ್ಮದ ಮಾತೆತ್ತಲು ಸಂವಿಧಾನ ಬಿಡುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. 28ನೇ ವಿಧಿ ತಡೆಯುವುದು ಧರ್ಮಬೋಧನೆಯನ್ನು, ಅದೂ ಪೂರ್ತಿ ಸರ್ಕಾರದ ದುಡ್ಡಲ್ಲಿ ನಡೆಯುವ ಕಡೆ. ಧರ್ಮಗಳ ಬಗ್ಗೆ ಓದುವುದು ಬೇರೆ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಸುಮ್ನೆ ಹೆದರುವುದು ಬೇಡ.

ಎಷ್ಟೋ ಮಠಗಳೇ ಕಾಲೇಜು ನಡೆಸುತ್ತಿವೆ. ಈ ಶ್ರಾವಣದಲ್ಲಿ ಒಂದು ಸಂಜೆಯಾದರೂ ನಾಲ್ಕೂ ಶೂನ್ಯಸಂಪಾದನೆಗಳನ್ನು ಎದುರಿಗಿಟ್ಟುಕೊಂಡು ಸ್ವಾಮಿಗಳೂ ಮೇಷ್ಟ್ರೂ ಒಟ್ಟಿಗೆ ಕೂರಲಿ. ಪ್ರಶ್ನೆ ಕೇಳಲು ಆ ಹುಡುಗನನ್ನೇ ಕರೆಯಲಿ, ಅಜ್ಜಿಯನ್ನು ಮುಂದಿನ ಸಾಲಲ್ಲಿ ಕೂರಿಸಲಿ.

– ನಿವೃತ್ತ ಕನ್ನಡ ಉಪನ್ಯಾಸಕ, ಧಾರವಾಡ